ಹಲಗಿ ಮುಟ್ಟದ ಕೈ

"ಅಲ್ಲಿ ಕಾಲಿಡಬ್ಯಾಡ ಬೇ! ಅಲ್ಲೇ ಬಿದ್ದದ ಅದು!"

ಬಸ್ಸಮ್ಮನ ಕೂಗಿಗೆ ಯಮನಮ್ಮ ಎತ್ತಿದ ಹೆಜ್ಜೆಯನ್ನು ಹಿಂದಕ್ಕೆ ಎಳೆದುಕೊಂಡಳು.

ಬೂದಿಯಲ್ಲಿ, ಅರೆಸುಟ್ಟ ತೊಲೆಯ ಕೆಳಗೆ, ಕಬ್ಬಿಣದ ಒಂದು ಬಳೆ ಬಿದ್ದಿತ್ತು. ಊಟದ ತಾಟಿನಷ್ಟು ಅಗಲ. ಅದರ ಅಂಚಿಗೆ ಕರಿಕಾಗಿ ಮುದುಡಿದ ತೊಗಲಿನ ಚೂರು.

"ನಮ್ಮ ಮಾವನ ಹಲಗಿ ಯವ್ವಾ," ಬಸ್ಸಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಮೂರು ಮಂದಿ ಬಾರಿಸಿದ್ದು. ಮಾವ, ನನ್ನ ಗಂಡ, ಈಗ ನನ್ನ ಮಗ. ನೋಡು ಹೆಂಗ ಆಗ್ಯದ."

ಅವಳ ಮಗ ತಾಯಣ್ಣ ಈಗ ಲಾಕಪ್ಪಿನಲ್ಲಿದ್ದ. ಎಕ್ಕಿಹಾಳದ ಕೇರಿಯಲ್ಲಿ ಸಂಜೆಶಾಲೆ ನಡೆಸುತ್ತಿದ್ದವನು ಅವನು. ಶಾಲೆಯ ಸಾಮಾನು ಮಾರಿಕೊಂಡು, ಕಳವು ಮುಚ್ಚಲು ಅವನೇ ಬೆಂಕಿ ಇಟ್ಟ ಎಂಬುದು ಪೊಲೀಸರ ಕತೆ. ಸೋಮವಾರ ಅವನನ್ನು ರಾಯಚೂರಿನ ಕೋರ್ಟಿಗೆ ಒಯ್ಯುತ್ತಾರೆ. ಅಲ್ಲಿಂದ ಜೈಲು. ಕೇರಿಯಲ್ಲಿ ಅಕ್ಷರ ಬಲ್ಲ ಒಬ್ಬನೇ ಒಬ್ಬ ಗಂಡಸು ಕಳ್ಳನಾಗಿ ಒಳಗೆ ಹೋಗುತ್ತಾನೆ. ಊರ ಗೌಡ ಜಾಲಹಳ್ಳಿ ಸಂತೆಯಲ್ಲಿ ಮೀಸೆ ತಿರುವುತ್ತಾನೆ.

ಈ ಶಾಲೆಗೆ ಹಣ ತಂದವಳು ಯಮನಮ್ಮ. ರಾಯಚೂರಿನ 'ನಸುಕು' ಸಂಸ್ಥೆಯಲ್ಲಿ ಅವಳದು ಪ್ರಪೋಸಲ್ ಬರೆಯುವ ಕೆಲಸ. ಹಾಲೆಂಡಿನ ದಾನಿಗಳಿಗೆ ಇಲ್ಲಿನ ಜನರ ಕಷ್ಟವನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಕಳಿಸಬೇಕು. ಹಸಿದಿದ್ದಾರೆ ಎಂದು ಬರೆದರೆ ಅವರಿಗೆ ಅರ್ಥವಾಗುವುದಿಲ್ಲ. ಪೌಷ್ಟಿಕಾಂಶದ ಕೊರತೆ ಎನ್ನಬೇಕು. ಒದ್ದರು ಎಂದು ಬರೆಯಬಾರದು. ಸಾಮಾಜಿಕ ಒತ್ತಡ ಎನ್ನಬೇಕು. ಮಾನ್ವಿಯ ಕೇರಿಯಲ್ಲಿ ಒದೆತ ಕಂಡು ಬೆಳೆದ ಹುಡುಗಿ ಬಿ.ಎ. ಓದಿ ಕಲಿತ ವಿದ್ಯೆ ಇದು: ಒದೆತಕ್ಕೆ ಹೊಸ ಹೆಸರಿಡುವುದು.

"ಯವ್ವಾ, ಹೊಲಿಗಿ ಮಷೀನು ಇಲ್ಲೇ ಇತ್ತಲ್ಲ?"

"ಹೂಂ, ಈ ಮೂಲ್ಯಾಗ. ಪೆಟ್ರೋಮ್ಯಾಕ್ಸು ಅಲ್ಲಿ ತೂಗಾಡ್ತಿತ್ತು."

ಯಮನಮ್ಮ ಕೋಲಿನಿಂದ ಮೂಲೆಯ ಬೂದಿ ಕೆದಕಿದಳು. ಮಷೀನಿನ ಚಕ್ರವಿಲ್ಲ, ಕಾಲಿಲ್ಲ. ಪೆಟ್ರೋಮ್ಯಾಕ್ಸಿನ ಹಿತ್ತಾಳೆ ಬುಂಡೆ ಇಲ್ಲ. ಕಬ್ಬಿಣ ಬೂದಿಯಾಗುವುದಿಲ್ಲ. ಬಾಗಿಲ ಬಳಿ ಮಕ್ಕಳಿಗೆ ಹಾಸುತ್ತಿದ್ದ ಜಮಖಾನೆಯ ಒಂದು ಸುಟ್ಟ ಚೂರೂ ಅಲ್ಲಿರಲಿಲ್ಲ. ಬೆಲೆಬಾಳುವುದೆಲ್ಲವನ್ನೂ ಬೆಂಕಿಗೆ ಮೊದಲೇ ಯಾರೋ ಹೊರಗೆ ಸಾಗಿಸಿದ್ದರು. ಇಷ್ಟರ ಮಟ್ಟಿಗೆ ಪೊಲೀಸರ ಕತೆ ನಿಜ.

ಆದರೆ ಹಲಗಿ?

ಹೋದ ತಿಂಗಳು ಗೌಡನ ಅಪ್ಪ ಸತ್ತಾಗ, ಹೆಣದ ಮುಂದೆ ಹಲಗಿ ಬಡಿಯಲು ಕೇರಿಗೆ ಕರೆ ಬಂತು. ಅಜ್ಜಂದಿರ ಕಾಲದಿಂದ ಬಂದ ಬಿಟ್ಟಿ ಚಾಕರಿ. ತಾಯಣ್ಣ ಆಗುವುದಿಲ್ಲ ಎಂದ. ಇಡೀ ಕೇರಿ ಅವನ ಬೆನ್ನಿಗೆ ನಿಂತಿತು. ಅವತ್ತು ಅವನು ಅಜ್ಜನ ಹಲಗಿಯನ್ನು ತಂದು ಶಾಲೆಯ ಗೋಡೆಗೆ, ಕರಿಹಲಗೆಯ ಮೇಲ್ಗಡೆ, ಮೊಳೆ ಹೊಡೆದು ತೂಗುಹಾಕಿದ. ದಿನಾ ಅದಕ್ಕೆ ಕೈಮುಗಿದೇ ಪಾಠ ಶುರು.

"ಈ ಸಾಲಿಗೆ ಬೆಂಕಿ ಬಿದ್ರ ತಾಯಣ್ಣ ಮೊದಲು ಏನು ತಗೀತಿದ್ದ ಯವ್ವಾ?"

"ಇದನ್ನ," ಬಸ್ಸಮ್ಮ ಬಳೆಯತ್ತ ಕೈತೋರಿದಳು. "ನನ್ನ ಇದರ ಹಿಂದ ತಗೀತಿದ್ದ ನೋಡು, ಆ ಭಾಡ್ಯಾ."

ಅಳುತ್ತಲೇ ನಕ್ಕಳು. ಯಮನಮ್ಮ ನಗಲಿಲ್ಲ.

ಮಷೀನು ಹೊತ್ತ ಕೈ, ಪೆಟ್ರೋಮ್ಯಾಕ್ಸು ಇಳಿಸಿದ ಕೈ, ಬಾಗಿಲ ಬಳಿಯ ಜಮಖಾನೆಯನ್ನೂ ಸುತ್ತಿಕೊಂಡು ಹೋದ ಕೈ, ಈ ಒಂದರ ಮುಂದೆ ನಿಂತುಬಿಟ್ಟಿತ್ತು. ಸತ್ತ ದನದ ತೊಗಲು. ಕೇರಿಯವರ ಬೆವರು ಹತ್ತಿದ್ದು. ಮುಟ್ಟಿದರೆ ಮೈಲಿಗೆ.

ಕಳ್ಳ ಬೆರಳಚ್ಚು ಬಿಟ್ಟುಹೋಗಿರಲಿಲ್ಲ. ಬೆರಳು ಇಡಲಾರದ ಜಾಗವನ್ನು ಬಿಟ್ಟುಹೋಗಿದ್ದ.

ಅವಳು ಬಗ್ಗಿ ಬಳೆಯನ್ನು ಎತ್ತಿಕೊಂಡು ಚೀಲಕ್ಕೆ ಹಾಕಿದಳು. ಎತ್ತುವಾಗ ಪಕ್ಕದ ಬೂದಿಯಲ್ಲಿ ಇನ್ನೊಂದು ವಸ್ತು ಕಂಡಿತು. ಬಾಗಿಲ ಬೀಗ. ಮುರಿದಿರಲಿಲ್ಲ. ಅದರ ಕೊಂಡಿ ತೆರೆದಿತ್ತು. ಚಾವಿ ಹಾಕಿಯೇ ತೆಗೆದದ್ದು.

ಈ ಬೀಗಕ್ಕೆ ಎರಡು ಚಾವಿ. ಒಂದು ತಾಯಣ್ಣನ ಉಡದಾರದಲ್ಲಿ ಇರುತ್ತಿತ್ತು.

ಇನ್ನೊಂದು ಎಲ್ಲಿದೆ ಎಂಬುದು ಯಮನಮ್ಮನಿಗೆ ಗೊತ್ತಿತ್ತು. ಅದನ್ನು ನೆನೆಯಲು ಆ ಕ್ಷಣ ಅವಳಿಗೆ ಮನಸ್ಸಾಗಲಿಲ್ಲ. ಮೊದಲು ಕೇರಿಯೆಲ್ಲ ಬೆರಳು ಮಾಡುತ್ತಿದ್ದ ಮನುಷ್ಯನನ್ನು ನೋಡಬೇಕಿತ್ತು.

*

ಹಂಪಣ್ಣ ಊರ ಗೌಡನ ಹೊಲದ ಬದುವಿನಲ್ಲಿ ಕೂತು ಎತ್ತಿನ ಕೊರಳ ಹಗ್ಗ ಹೊಸೆಯುತ್ತಿದ್ದ. ಅಪ್ಪ ಮಾಡಿದ ಸಾಲಕ್ಕೆ ಗೌಡನ ಮನೆಯಲ್ಲಿ ಜೀತಕ್ಕಿದ್ದ ಆಳು. ಶಾಲೆಯ ಮುಂದೆ ನಿಂತು, "ಹಲಗಿ ಬಡೀಲಿಲ್ಲಂದ್ರ ಈ ಸಾಲಿ ಸುಟ್ಟು ಬೂದಿ ಮಾಡ್ತೀವಿ" ಎಂದು ಒದರಿದ್ದು ಅವನೇ. ನೂರು ಜನ ಕೇಳಿದ್ದರು.

"ಬೈದಿದ್ದು ಖರೆ," ಅವನು ತಲೆ ಎತ್ತದೆ ಹೇಳಿದ. "ಗೌಡ ಬೈ ಅಂದ, ಬೈದೆ. ಸುಡು ಅಂದಿದ್ರ ಸುಡ್ತಿದ್ದೆ ಏನೋ. ಅನ್ನಲಿಲ್ಲ."

"ಬೆಂಕಿ ಬಿದ್ದಾಗ ಎಲ್ಲಿದ್ದಿ?"

"ಇಲ್ಲೇ. ಎತ್ತಿನ ಕೂಡ. ಕೇಳು ಅವನ್ನ, ಸಾಕ್ಷಿ ಹೇಳ್ತಾವೇನೋ."

"ಚ್ಯಾಷ್ಟಿ ಬ್ಯಾಡ ಹಂಪಣ್ಣ. ಒಬ್ಬನ ಜೀವ ಹೋಗಾಕತ್ತದ."

ಈಗ ಅವನು ತಲೆ ಎತ್ತಿದ. ಕಣ್ಣಲ್ಲಿ ಸಿಟ್ಟಿತ್ತು. "ಅಕ್ಕೋರೆ, ನೀವು ಓದಿದಾರು. ಸುಡಾಕ ಬಂದಾಂವ ಸಾಮಾನ ಎತ್ತಿ ಜ್ವಾಪಾನ ಮಾಡ್ತಾನೇನ್ರಿ? ಸುಡಾಂವ ಸುಡ್ತಾನ, ಓಡ್ತಾನ. ಮಷೀನು ಹೊತ್ಕೊಂಡು ನಾ ಎಲ್ಲಿಗೆ ಹೋಗ್ಲಿ? ನನ್ನ ಹೆಂಡತಿ ರವಿಕಿ ಹೊಲಿಯಾಕ? ಆಕಿಗೆ ಇರಾದು ಒಂದ ರವಿಕಿ."

"ಮತ್ತ ಯಾರು?"

"ನಾ ನೋಡಿಲ್ಲ. ಹೊಗಿ ನೋಡೀನಿ. ಜೀಪು ಹೋದ ಸಪ್ಪಳ ಕೇಳೀನಿ." ಹಗ್ಗವನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದ. "ಗೌಡನ ಮನ್ಯಾಗ ಜೀಪಿಲ್ಲರಿ. ಟ್ಯಾಕ್ಟರದ."

*

ಮಾನ್ವಿಯ ಹೊಲಿಗೆ ಕೇಂದ್ರವೂ 'ನಸುಕು' ಸಂಸ್ಥೆಯದೇ. ಶನಿವಾರ ಬೆಳಿಗ್ಗೆ ತವರಿನಿಂದ ರಾಯಚೂರಿನ ಬಸ್ಸಿಗೆ ಹೊರಟ ಯಮನಮ್ಮ, ದಾರಿಯಲ್ಲಿ ಸಿಗುವ ಆ ಕೇಂದ್ರದೊಳಕ್ಕೆ ಇಣುಕಿದಳು. ಕಲಿಸುವ ನೂರ್ ಬೀ ಬಾಗಿಲಲ್ಲೇ ಕೈಹಿಡಿದಳು.

"ಬಾ ಅಕ್ಕಾ, ಮುಬಾರಕ್ ಹೇಳು! ಹೊಸ ಮಷೀನು ಬಂತು ನಮಗ. ಹೊಸಾದು ಅಂತ ಡೈರೆಕ್ಟರ್ ಸರ್ ಹೇಳ್ತಾರ. ಏನ್ ಹೊಸಾದು, ಚಕ್ರ ತಿರುಗಿದ್ರ ಮುದುಕಿ ನರಳಿದಂಗ ನರಳ್ತದ."

ಮಷೀನಿನ ಹಿಡಿಕೆಗೆ ಕೆಂಪು ಖಣದ ತುಂಡು ಸುತ್ತಿ ಹೊಲಿದಿತ್ತು. ಹಿಡಿಕೆ ಬಿರುಕು ಬಿಟ್ಟಾಗ ಬಸ್ಸಮ್ಮ ತನ್ನ ಹಳೆಯ ಕುಪ್ಪಸ ಹರಿದು ಸುತ್ತಿದ್ದು. ಅವತ್ತು ಯಮನಮ್ಮ ಅಲ್ಲೇ ಕೂತಿದ್ದಳು.

"ಯಾವಾಗ ಬಂತು ಇದು?"

"ಜುಮ್ಮಾದ ಹಿಂದಿನ ದಿನ, ಸಂಜಿಗೆ. ಸರ್ ತಾವ ಜೀಪಿನ್ಯಾಗ ಇಟ್ಕೊಂಡು ಬಂದಿದ್ರು. ಅಂಗಿ ಎಲ್ಲಾ ಹೊಗಿ ವಾಸನಿ. ಏನ್ ಸರ್ ಅಂದ್ರ, ದಾರ್ಯಾಗ ಕಸ ಸುಡಾಕತ್ತಿದ್ರು ಅಂದ್ರು." ನೂರ್ ಬೀ ಮಾತು ನಿಲ್ಲಿಸಿದಳು. "ಯಾಕಕ್ಕಾ? ಹಂಗ್ಯಾಕ ನೋಡ್ತಿ? ಅಯ್ಯೋ ಅಲ್ಲಾ, ನಾ ಏನರ ತಪ್ಪು ಹೇಳಿದ್ನಾ?"

ಜುಮ್ಮಾದ ಹಿಂದಿನ ದಿನ. ಗುರುವಾರ. ಜಾಲಹಳ್ಳಿ ಸಂತೆಗೆಂದು ಎಕ್ಕಿಹಾಳದ ಕೇರಿಯೆಲ್ಲ ಖಾಲಿಯಾಗಿದ್ದ ದಿನ. ಮಟಮಟ ಮಧ್ಯಾಹ್ನ ಶಾಲೆ ಉರಿದ ದಿನ.

ಆ ದಿನ ಬಳ್ಳಾರಿಯಲ್ಲಿ ಮೀಟಿಂಗಿನಲ್ಲಿದ್ದೆ ಎಂದು ಡೈರೆಕ್ಟರು ಎಲ್ಲರ ಮುಂದೆ ಹೇಳಿದ್ದರು.

*

"ಬಾ ಯಮುನಾ, ಕೂಡು. ನಿನ್ನ ದಾರೀನೇ ನೋಡಾಕತ್ತಿದ್ದೆ."

'ನಸುಕು' ಸಂಸ್ಥೆಯ ಡೈರೆಕ್ಟರ್ ಅಮರಗುಂಡಪ್ಪ ಅವಳನ್ನು ಯಾವತ್ತೂ ಯಮನಮ್ಮ ಎಂದು ಕರೆದವರಲ್ಲ. ಪರದೇಶದವರಿಗೆ ಯಮುನಾ ಎಂದರೆ ಚಂದ ಕೇಳಿಸುತ್ತದೆ ಎಂದು ಮೊದಲ ದಿನವೇ ಹೆಸರು ತಿದ್ದಿದ್ದರು. ಖಾದಿ ಜುಬ್ಬ, ಜೋಳಿಗೆ, ಅರೆನರೆತ ಗಡ್ಡ. ದೊಡ್ಡ ಜಮೀನ್ದಾರರ ಮನೆ ಬಿಟ್ಟು ಬಡವರ ನಡುವೆ ಬಂದವರು ಎಂದು ರಾಯಚೂರಿನ ಕಾಲೇಜು ಹುಡುಗರು ಅವರನ್ನು ಕೊಂಡಾಡುತ್ತಿದ್ದರು. ತೀನ್ ಕಂದೀಲ್ ಚೌಕದ ಹತ್ತಿರದ ಈ ಮಾಳಿಗೆಯ ಆಫೀಸಿನಲ್ಲಿ, ಅವರ ಕುರ್ಚಿಯ ಹಿಂದೆ, ಕೇರಿಯ ಜನರ ನಡುವೆ ಕೂತು ಅವರು ರೊಟ್ಟಿ ತಿನ್ನುತ್ತಿರುವ ಫೋಟೋ ತೂಗುತ್ತಿತ್ತು. ಆ ರೊಟ್ಟಿ ಅವರದೇ ಟಿಫಿನ್ ಕ್ಯಾರಿಯರಿನದು ಎಂಬುದು ಫೋಟೋದಲ್ಲಿ ಕಾಣುವುದಿಲ್ಲ.

ಅವರು ಒಂದು ಲಕೋಟೆಯನ್ನು ಅವಳತ್ತ ದೂಡಿದರು. "ಫೋಟೋ ಅದಾವ. ಎಕ್ಕಿಹಾಳದ್ದು. ಇವತ್ತ ಕೂತು ಪ್ರಪೋಸಲ್ ಬರದುಬಿಡು. ಸಾಲಿ ಕಟ್ಟಾಕಷ್ಟ ಅಲ್ಲ, ದೊಡ್ಡದು ಬರಿ. ದೌರ್ಜನ್ಯ ತಡೆ ಕೇಂದ್ರ, ಕಾನೂನು ನೆರವು, ಇನ್ನೊಂದು ಜೀಪು. ಹಾಲೆಂಡಿನವರು ಮುಂದಿನ ವಾರ ಬರಾಕತ್ತಾರ. ಸಂಜಿಸಾಲಿ ಅಂದ್ರ ಆಕಳಿಸ್ತಿದ್ರು. ಸುಟ್ಟ ಸಾಲಿ ಅಂದಕೂಡ್ಲೆ ಟ್ರಂಕ್ ಕಾಲ್ ಮಾಡ್ಯಾರ."

ಅವಳು ಫೋಟೋ ತೆಗೆದಳು. ಬೂದಿ. ಅಳುವ ಹೆಂಗಸರು. ಬರಿಗಾಲ ಮಕ್ಕಳು. ಇವೆಲ್ಲ ಮರುದಿನದವು. ಕೊನೆಯದರ ಮೇಲೆ ಅವಳ ಕಣ್ಣು ನಿಂತಿತು.

ಅದರಲ್ಲಿ ಶಾಲೆ ಇನ್ನೂ ನಿಂತಿತ್ತು. ಜೋಳದ ಸಪ್ಪೆಯ ಮಾಡಿಗೆ ಆಗಷ್ಟೇ ಬೆಂಕಿ ಹತ್ತಿತ್ತು. ತೆರೆದ ಬಾಗಿಲೊಳಗೆ ಖಾಲಿ ನೆಲ, ಖಾಲಿ ಮೂಲೆ, ಎದುರಿನ ಗೋಡೆಯ ಮೇಲೆ ದುಂಡಗೆ, ಹುಣ್ಣಿಮೆಯ ಚಂದ್ರನಂತೆ, ಹಲಗಿ.

"ಈ ಫೋಟೋ ಯಾರು ತಗದಿದ್ದು ಸರ್?"

"ಪೇಪರಿನವರು ಇರಬೇಕು. ಅದನ್ನ ಮೊದಲನೇ ಪುಟಕ್ಕ ಹಾಕು."

"ಪೇಪರಿನವರು ಬಂದಿದ್ದು ಮರುದಿನ. ನಾ ಅಲ್ಲೇ ಇದ್ದೆ. ಹೊಗಿ ನೋಡಿ ಸಂತಿಯಿಂದ ಕೇರಿಯವರು ಓಡಿ ಬಂದಾಗ ಮಾಡು ಕುಸಿದು ಬಿದ್ದಿತ್ತು. ನಿಂತ ಗ್ವಾಡಿ, ಗ್ವಾಡಿ ಮ್ಯಾಲಿನ ಹಲಗಿ, ಹತ್ತಾಕತ್ತಿದ ಬೆಂಕಿ, ಇಷ್ಟನ್ನೂ ಒಂದ ಹೊತ್ತಿನ್ಯಾಗ ನೋಡಿದಾಂವ ಒಬ್ಬನ ಸರ್. ಹಚ್ಚಿದಾಂವ."

ಅಮರಗುಂಡಪ್ಪ ನಕ್ಕರು. "ಪತ್ತೇದಾರಿ ಪುಸ್ತಕ ಓದಾಕ ಹತ್ತೀಯೇನು?"

ಅವಳು ಚೀಲದಿಂದ ಹಲಗಿಯ ಬಳೆ ತೆಗೆದು ಅವರ ಕೈ ಇದ್ದಲ್ಲಿಗೇ ಇಟ್ಟಳು.

ಕೈ ಹಾವು ಮುಟ್ಟಿದಂತೆ ಹಿಂದಕ್ಕೆ ಹಾರಿತು.

ಒಂದು ಕ್ಷಣ. ಅವರು ಕೂಡಲೇ ಸಾವರಿಸಿಕೊಂಡರು, ಕೈಯನ್ನು ಗಡ್ಡಕ್ಕೆ ಒಯ್ದರು, ಮುಗುಳ್ನಕ್ಕರು. ಆಮೇಲೆ ಮೇಜಿನ ಮೇಲಿದ್ದ ಮರದ ಸ್ಕೇಲು ತೆಗೆದುಕೊಂಡು ಅದರ ತುದಿಯಿಂದ ಬಳೆಯನ್ನು ಮೆಲ್ಲಗೆ ದೂರ ದೂಡಿದರು.

ಅಸ್ಪೃಶ್ಯತೆ ಮಾನವಕುಲದ ಕಳಂಕ ಎಂಬ ಸಾಲನ್ನು ಅವರ ಭಾಷಣಕ್ಕೆಂದು ಯಮನಮ್ಮನೇ ಬರೆದುಕೊಟ್ಟಿದ್ದಳು. ಎಷ್ಟು ಊರುಗಳಲ್ಲಿ ಆ ಸಾಲಿಗೆ ಚಪ್ಪಾಳೆ ಬಿದ್ದಿತ್ತು!

"ಮಷೀನು ಮಾನ್ವ್ಯಾಗ ಅದ," ಅವಳು ಹೇಳಿದಳು. "ಜಮಖಾನಿ ನಿಮ್ಮ ಜೀಪಿನ ಹಿಂದಿನ ಸೀಟಿನ ಮ್ಯಾಲ ಅದ, ಈಗ ನೋಡಿ ಬಂದೆ. ಸಾಲಿ ಎರಡನೇ ಚಾವಿ ಇದೇ ಆಫೀಸಿನ್ಯಾಗ, ನಿಮ್ಮ ಕೈಯಾಗ ಇತ್ತು. ಎಲ್ಲಾ ಎತ್ಗೊಂಡ್ರಿ. ಇದನ್ನ ಮುಟ್ಟಾಕ ಆಗಲಿಲ್ಲ ನಿಮ್ಮ ಕೈಲಿ. ನಮ್ಮ ಸಾಲಿ ಸುಡಾಕ ಹೇಸಿಕಿ ಬರಲಿಲ್ಲ, ನಮ್ಮ ಹಲಗಿ ಮುಟ್ಟಾಕ ಹೇಸಿಕಿ ಬಂತು!"

"ಸಣ್ಣ ದನಿಯಾಗ ಮಾತಾಡು."

"ಯಾಕ? ಕೇರಿಯೊಳಗ ನಮಗ ಒದರು ಒದರು ಅಂತ ಕಲಿಸಿದಾರ ನೀವಲ್ಲೇನು?"

ಅಮರಗುಂಡಪ್ಪ ಎದ್ದು ಕಿಟಕಿಯ ಬಳಿ ಹೋದರು. ತಿರುಗಿದಾಗ ಮುಖದಲ್ಲಿ ನಗುವಿರಲಿಲ್ಲ, ಕೋಪವೂ ಇರಲಿಲ್ಲ. ಲೆಕ್ಕದ ಮಾಸ್ತರನ ತಾಳ್ಮೆ ಇತ್ತು.

"ಆಯ್ತು. ನಾನೇ ಅಂತ ತಿಳ್ಕೊ. ಒಂದು ಸಪ್ಪಿ ಗುಡಿಸಲು ಸುಟ್ಟು ಇಪ್ಪತ್ತು ಊರಿಗೆ ಪಕ್ಕಾ ಸಾಲಿ ತಂದ್ರ ಅದು ಪಾಪ ಏನು? ಒಬ್ಬರಿಗೂ ಒಂದು ಬೊಬ್ಬಿ ಏಳಲಿಲ್ಲ. ಪೊಲೀಸರು ತಾಯಣ್ಣನ್ನ ಹಿಡೀತಾರಂತ ನನಗ ಗೊತ್ತಿರಲಿಲ್ಲ. ಗೌಡ ತನ್ನ ಮ್ಯಾಲ ಬರ್ತದಂತ ಅಂಜಿ ಅವನ ಹೆಸರು ಹೇಳಿಬಿಟ್ಟ."

"ಹಂಗಾದ್ರ ಬರ್ರಿ. ಠಾಣೆಗೆ ಬಂದು ಈ ಮಾತು ಹೇಳ್ರಿ. ಸೋಮವಾರ ಅವನ್ನ ಜೈಲಿಗೆ ಹಾಕ್ತಾರ."

"ಹಾಕಾಂಗಿಲ್ಲ. ಅವನ್ನ ಬಿಡಿಸೀನಿ."

ಯಮನಮ್ಮ ತಟ್ಟನೆ ಅವರತ್ತ ತಿರುಗಿದಳು.

"ಗೌಡರ ಕೂಡ ಕೂತು ಮಾತಾಡೀನಿ. ಅವರ ಮನೆತನದ ಹೆಸರು ಎಲ್ಲೂ ಬರಬಾರದು, ಆಳಿನ ಹೆಸರು ಬಂದ್ರ ಅಡ್ಡಿಯಿಲ್ಲ ಅಂದ್ರು. ಹಂಪಣ್ಣ ಅಂತ ಒಬ್ಬ ಇದ್ದಾನಲ್ಲ? ಸುಡ್ತೀನಿ ಅಂತ ನೂರು ಮಂದಿ ಮುಂದ ಒದರ್ಯಾನ. ಎಷ್ಟು ಸಲೀಸು ನೋಡು." ಅವರು ಕುರ್ಚಿಗೆ ಮರಳಿದರು. "ನಿನಗ ತಾಯಣ್ಣ ಬೇಕಿತ್ತು. ತಾಯಣ್ಣ ಬಂದ. ಬಾಗಿಲು ತಗಿ."

ಮೆಟ್ಟಿಲ ಮೇಲೆ ಯಾರೋ ಕಾಲೆಳೆದುಕೊಂಡು ಹತ್ತುವ ಸದ್ದು.

ತಾಯಣ್ಣ ಒಳಗೆ ಬಂದ. ಕೊರಳಲ್ಲಿ ಬಾಡಿದ ಚೆಂಡುಹೂವಿನ ಹಾರ. ಯಾರು ಹಾಕಿದ್ದರೋ, ತೆಗೆಯಲು ಅವನಿಗೆ ತೋಚಿರಲಿಲ್ಲ. ಬಾಗಿ ಅಮರಗುಂಡಪ್ಪನವರ ಕಾಲು ಮುಟ್ಟಲು ಹೋದ. ಅವರು ಇರಲಿ ಇರಲಿ ಎಂದು ಕಾಲನ್ನು ಕುರ್ಚಿಯಡಿ ಎಳೆದುಕೊಂಡರು.

"ಸರ್ ಬಿಡಿಸಿದ್ರಕ್ಕಾ," ತಾಯಣ್ಣ ಅವಳತ್ತ ನೋಡಲಿಲ್ಲ.

"ಹೆಂಗ ಬಿಟ್ರು ತಾಯಣ್ಣ?"

ಅವನು ಹಾರದ ಒಣ ಎಸಳು ಕೀಳತೊಡಗಿದ.

"ಹೆಂಗ ಬಿಟ್ರು ಅಂತ ಕೇಳಾಕತ್ತೀನಿ!"

"ಹಂಪಣ್ಣ ಬೆಂಕಿ ಹಚ್ಚಿದ್ದು ನಾ ಕಣ್ಣಾರೆ ನೋಡೀನಿ ಅಂತ ಬರಕೊಂಡ್ರು. ಸಹಿ ಮಾಡೀನಿ."

"ನೋಡಿಯೇನು?"

"ಇಲ್ಲ."

ಆಮೇಲೆ ಮಾತು ಒಮ್ಮೆಲೇ ಬಂತು. "ಅಂಗಾಲಿಗೆ ಹೊಡದ್ರಕ್ಕಾ. ನೆಲಕ್ಕ ಊರಾಕ ಬರವಲ್ದು. ನೀ ಸುಟ್ಟಿ ಅಂದ್ರು, ಇಲ್ಲ ಅಂದೆ, ಹೊಡದ್ರು. ಹಂಪಣ್ಣ ಸುಟ್ಟ ಅನ್ನು ಅಂದ್ರು, ಗೊತ್ತಿಲ್ಲ ಅಂದೆ, ಅದಕ್ಕೂ ಹೊಡದ್ರು. ಅವ ಗೌಡನ ಮನಿ ನಾಯಿ ಅಲ್ಲೇನಕ್ಕಾ? ನಮ್ಮ ಹೆಣ್ಮಕ್ಕಳಿಗೆ ಬೈದಾನ. ಅವ ಹೋಗ್ಲಿ ಬಿಡು!"

ಹೋಗಲಿ ಬಿಡು. ಒಬ್ಬ ಬಡವನನ್ನು ಹೊರಗೆ ಎಳೆಯಲು ಇನ್ನೊಬ್ಬ ಬಡವನನ್ನು ಒಳಗೆ ತಳ್ಳಬೇಕು. ಗೌಡ ಊರಲ್ಲಿ ಹಾಯಾಗಿರುತ್ತಾನೆ. ಡೈರೆಕ್ಟರು ಹಾಲೆಂಡಿಗೆ ಹೋಗಿಬರುತ್ತಾರೆ. ಅದನ್ನು ಅವಳೇ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದು ಕೊಡಬೇಕು.

ಕೆಳಗಿನಿಂದ ಪೊಲೀಸನೊಬ್ಬ ಕೂಗಿದ. "ಸರ್, ಕೆಳಗ ಬರ್ತೀರೇನ್ರಿ? ನಿಮ್ಮ ಹೇಳಿಕಿ ಒಂದು ಬೇಕಂತ. ಆಸಾಮಿನ್ನ ಹಿಡಕೊಂಡು ಬಂದೀವಿ, ಜೀಪಿನ್ಯಾಗ ಅದಾನ!"

ಯಮನಮ್ಮ ಕಿಟಕಿಯಿಂದ ನೋಡಿದಳು. ಪೊಲೀಸರ ಜೀಪಿನ ಹಿಂಬದಿಯಲ್ಲಿ ಹಂಪಣ್ಣ ಕೂತಿದ್ದ. ಎರಡೂ ಕೈಗೆ ಹಗ್ಗ. ಪಕ್ಕದ ಪಾನ್ ಅಂಗಡಿಯ ಮುಂದೆ ಜನ ಸೇರಿ ಇವನೇ ಇವನೇ ಎಂದು ತೋರಿಸುತ್ತಿದ್ದರು. ಒಬ್ಬ ಉಗಿದ.

"ಫೋಟೋ ಇಲ್ಲಿ ಕೊಡು ಯಮುನಾ," ಅಮರಗುಂಡಪ್ಪ ಕೈಚಾಚಿದರು. "ಅದು ಹೊರಗ ಬಿದ್ರ ನನಗೇನಾಗ್ತದೋ ಬಿಡ್ತದೋ. ಮೊದಲು ಸುಳ್ಳಸಾಕ್ಷಿ ಅಂತ ಇವನ್ನ ಮತ್ತ ಒಳಗ ಹಾಕ್ತಾರ. ಈ ಸಲ ಅಂಗಾಲಿಗೆ ನಿಲ್ಲಿಸಾಂಗಿಲ್ಲ. ವಿಚಾರ ಮಾಡು."

ಅವಳು ವಿಚಾರ ಮಾಡಿದಳು. ಫೋಟೋವನ್ನು ಎದೆಗೆ ಒತ್ತಿಕೊಂಡಳು.

"ನನ್ನ ಹೆಸರು ಯಮನಮ್ಮ," ಎಂದಳು. ಕಿಟಕಿಯಿಂದ ಬಗ್ಗಿ ಪೊಲೀಸನಿಗೆ ಕೂಗಿದಳು: "ನಿಂದ್ರಪಾ! ಹೇಳಿಕಿ ನಾ ಕೊಡ್ತೀನಿ. ಬಂದೆ!"

ತಿರುಗಿ ಬಾಗಿಲತ್ತ ನಡೆದಳು.

ಹಿಂದಿನಿಂದ ಅಮರಗುಂಡಪ್ಪ ತಡೆಯುತ್ತಾರೆ ಎಂದು ಅವಳ ಬೆನ್ನು ಕಾಯುತ್ತಿತ್ತು. ಅವರು ಕುರ್ಚಿಯಿಂದ ಏಳಲಿಲ್ಲ.

ಏಳುವ ಅಗತ್ಯ ಬೀಳಲಿಲ್ಲ. ಊರಲಾಗದ ಕಾಲನ್ನು ಎಳೆದುಕೊಂಡು ಅವಳಿಗಿಂತ ಮೊದಲು ಬಾಗಿಲು ಸೇರಿದವನು ತಾಯಣ್ಣ. ಒಳಚಿಲಕ ಹಾಕಿ, ಬೆನ್ನು ಕೊಟ್ಟು ನಿಂತ. ಕಣ್ಣಿಂದ ನೀರು ಇಳಿಯುತ್ತಿತ್ತು.

"ನಿನ್ನ ಕಾಲು ಬೀಳ್ತೀನಕ್ಕಾ," ಎಂದ. ಕಾಲಿಗೆ ಬೀಳಲಿಲ್ಲ. ಕೈ ಮುಂದೆ ಚಾಚಿದ. "ಫೋಟೋ ಕೊಡು. ಕೊಡಲಿಲ್ಲಂದ್ರ ನಾ ನಿನ್ನ ಹೊರಗ ಬಿಡಾಂಗಿಲ್ಲ."